ನೀಲಿ ಪರದೆಯ ಅಪವಾದದಿಂದ ಚಿಕ್ಕಪ್ಪನವರನ್ನು ಬಿಡುಗಡೆ ಮಾಡುವ ಕುರಿತು

ಇಂದ:
ಕಂಪ್ಯೂಟರ್ ನೋಡಿಕೊಳ್ಳುವವನು,
ಮುದ್ರಣಾಲಯ, ಕಾಗದದ ರಾಶಿಯ ಹಿಂಭಾಗ.

ಗೆ:
ಮುದ್ರಣಾಲಯದ ಮಾಲೀಕರು (ಅರ್ಜಿದಾರನ ಸ್ವಂತ ಅಕ್ಕ),
ಅವರ ಮನೆ. ಬಾಗಿಲ ಸಂದಿಯ ಮೂಲಕ.

ವಿಷಯ: ಕಂಪ್ಯೂಟರ್ ಕುಸಿದಾಗ ಉಳಿಯುವ ಮೆಮೊರಿ ಡಂಪನ್ನು ಪರಿಗಣಿಸಿ, ಅಕ್ಷರ ಜೋಡಿಸುವ ಚಿಕ್ಕಪ್ಪನವರನ್ನು ಕೆಲಸಕ್ಕೆ ವಾಪಸ್ ಕರೆಯುವ ಬಗ್ಗೆ.

ಉಲ್ಲೇಖ:
(1) "ನೀಲಿ ಬಂದ ಕೂಡ್ಲೇ ಸ್ವಿಚ್ ಆರ್ಸಿ, ಇಲ್ದಿದ್ರೆ ಸುಟ್ಟೋಗತ್ತೆ!" ತಾವು ಮೆಟ್ಟಿಲ ಮೇಲಿಂದ ಕೂಗಿ ಹೊರಡಿಸಿದ ಆದೇಶ.
(2) "ಚಿಕ್ಕಪ್ಪನ ಕೈಗುಣಾನೇ ಸರಿ ಇಲ್ಲ, ಮನೇಲಿರ್ಲಿ." ಕಾಫಿ ಕುಡಿಯುತ್ತ ಹೊರಡಿಸಿದ ಆದೇಶ.

ಮಾನ್ಯರೇ (ಮನೆಯಲ್ಲಾದರೆ, ಅಕ್ಕಾ),

ಅರ್ಜಿದಾರನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಹೊಸ ಪ್ರಿಂಟರ್ ಬಂದಾಗಿನಿಂದ ಚಿಕ್ಕಪ್ಪನವರ ಕಂಪ್ಯೂಟರ್ ಆಗಾಗ ನೀಲಿ ಪರದೆ ತೋರಿಸಿ ಮಕಾಡೆ ಮಲಗುತ್ತಿತ್ತು. ಸದರಿ ಯಂತ್ರವು ಹಾಗೆ ಬೀಳುವಾಗ, ಆ ಗಳಿಗೆಯಲ್ಲಿ ತನ್ನ ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಸುರಿದಿಡುತ್ತದೆ. ಇದೇ ಡಂಪು. ಬೀಳಿಸಿದ್ದು ಯಾರೆಂಬ ಸಾಕ್ಷಿ ಸಾಮಾನ್ಯವಾಗಿ ಇದರಲ್ಲೇ ಇರುವ ಕಾರಣ, ಪರದೆಯ ಮೇಲಿನ ಲೆಕ್ಕ ಶೇಕಡಾ ನೂರು ಮುಟ್ಟುವವರೆಗೆ ಯಾರೂ ಕೈ ಹಾಕಬಾರದು.

2. ಆದರೆ ಉಲ್ಲೇಖ (1)ರ ಪ್ರಕಾರ, ನೀಲಿ ಕಂಡದ್ದೇ ತಡ, ಸಿಬ್ಬಂದಿಯೆಲ್ಲ ಸ್ವಿಚ್ಚಿನತ್ತ ಎದ್ದುಬಿದ್ದು ಓಡುತ್ತಿದ್ದರು. ಬೈಂಡಿಂಗಿನವರು ಅಂಟು ಮೆತ್ತಿದ ಕೈಯಲ್ಲೇ ಓಡಿದ ಕಾರಣ ಸ್ವಿಚ್ಚು ಈಗಲೂ ಅಂಟಂಟಾಗಿದೆ. ಆದ್ದರಿಂದ ಒಂದು ಡಂಪೂ ಪೂರ್ತಿಯಾಗಲಿಲ್ಲ. ಸಾಕ್ಷಿಯಿಲ್ಲದ ಕಾರಣ ಅಪವಾದ ಚಿಕ್ಕಪ್ಪನವರ ತಲೆಗೆ ಬಂತು, ಉಲ್ಲೇಖ (2) ಹೊರಬಿತ್ತು.

3. ಕಳೆದ ವಾರ ತಾವು ಹಲ್ಲಿನ ಡಾಕ್ಟರ ಬಳಿ ಹೋಗಿದ್ದಾಗ, ಚಿಕ್ಕಪ್ಪನವರ ಕುರ್ಚಿಯಲ್ಲಿ ಕುಳಿತಿದ್ದ ಅರ್ಜಿದಾರನ ಕೈಯಲ್ಲೇ ಯಂತ್ರ ಬಿತ್ತು. ಅರ್ಜಿದಾರನು ಎದ್ದು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತನು.

"ಸರೀರಿ ಸಾರ್ ಆ ಕಡೆ! ಮೇಡಮ್ ನಮ್ಮನ್ನ ಹುರ್ದು ಮುಕ್ತಾರೆ!" ಎಂದು ಬೈಂಡಿಂಗಿನವರು ಮೈಮೇಲೆ ಬಿದ್ದರು.

"ಮೊದ್ಲು ನನ್ನ ಹುರೀಲಿ. ನೂರು ಆಗೋವರ್ಗೂ ನಾನು ಜಪ್ಪಯ್ಯ ಅಂದ್ರೂ ಜಗ್ಗಲ್ಲ."

ನೂರಾಯಿತು. ಏನೂ ಸುಡಲಿಲ್ಲ. ಅರ್ಜಿದಾರನ ಅಂಗಿ ಮಾತ್ರ ಎರಡೂ ಕಡೆ ಅಂಟಾಯಿತು.

4. ಡಂಪನ್ನು ಬಿಚ್ಚಿ ಓದಲಾಗಿ, ತಪ್ಪು ಪ್ರಿಂಟರಿನ ಡ್ರೈವರಿನದು, ಅಂದರೆ ಪ್ರಿಂಟರಿಗೂ ಕಂಪ್ಯೂಟರಿಗೂ ಮಾತುಕತೆ ನಡೆಸುವ ತಂತ್ರಾಂಶದ್ದು ಎಂದು ಹೆಸರು ಸಮೇತ ಸಿಕ್ಕಿತು. ಅದನ್ನು ತೆಗೆದು ಸರಿಯಾದದ್ದು ಹಾಕಿದ ಮೇಲೆ ನೀಲಿಯ ಸುಳಿವೇ ಇಲ್ಲ. ಸದರಿ ಪ್ರಿಂಟರನ್ನು "ಅಗ್ಗಕ್ಕೆ ಸಿಕ್ತು ಕಣೋ" ಎಂದು ಹೊತ್ತು ತಂದವರು ಯಾರೆಂಬುದನ್ನು ಅರ್ಜಿದಾರನು ಗೌರವಪೂರ್ವಕವಾಗಿ ಬರೆಯುತ್ತಿಲ್ಲ. ಡಂಪಿನಲ್ಲಿ ಪಾಸ್‌ವರ್ಡು, ಗಿರಾಕಿಗಳ ಗುಟ್ಟು ಏನು ಬೇಕಾದರೂ ಸಿಕ್ಕಿಕೊಂಡಿರಬಹುದು. ಕಾರಣ ಯಾರಿಗೂ ಕಳುಹಿಸಿಲ್ಲ, ತಾವು ನೋಡಿದ ಮೇಲೆ ಅಳಿಸಲಾಗುವುದು.

5. ಇಷ್ಟಾದರೂ ಚಿಕ್ಕಪ್ಪನವರು ನಂಬುತ್ತಿಲ್ಲ. ಮನೆಯಲ್ಲಿ ಅವರು ಲೈಟು ಕೂಡ ಹಾಕುವುದಿಲ್ಲ. ಮಬ್ಬಿನಲ್ಲೇ ಕುಳಿತಿದ್ದು, ಚಿಕ್ಕಮ್ಮ ಬಂದ ಮೇಲೆ "ನೀನೇ ಹಾಕೇ, ನನ್ ಕೈ ಬೇಡ" ಅನ್ನುತ್ತಾರೆ. ಮೊನ್ನೆ ಮೊಮ್ಮಗಳು ಬ್ಯಾಟರಿ ಗೊಂಬೆ ಕೊಟ್ಟರೆ ಕೈ ಹಿಂದಕ್ಕೆ ಕಟ್ಟಿಕೊಂಡರಂತೆ. ನಮ್ಮಿಬ್ಬರಿಗೂ ಅಕ್ಷರ ತಿದ್ದಿಸಿದ ಕೈ ಅದು. ಅರ್ಜಿದಾರನಿಗೆ ಇದನ್ನು ನೋಡಲಾಗುತ್ತಿಲ್ಲ.

ಆದ್ದರಿಂದ ತಾವು ದಯಮಾಡಿ ಉಲ್ಲೇಖ (2)ನ್ನು ರದ್ದುಪಡಿಸಿ, ರದ್ದಾದ ಸಂಗತಿಯನ್ನು ತಮ್ಮ ಬಾಯಿಂದಲೇ ಅವರಿಗೆ ತಿಳಿಸಬೇಕು. ಅರ್ಜಿದಾರನು ಹೇಳಿದರೆ, "ನನ್ನ ಸಮಾಧಾನಕ್ಕೆ ಹೇಳ್ತೀಯ ಬಿಡೋ" ಅನ್ನುತ್ತಾರೆ.

ತಮ್ಮ ವಿಶ್ವಾಸಿ,
ಹಾಗೂ ಒಬ್ಬನೇ ತಮ್ಮ

ಲಗತ್ತುಗಳು:
1. ಪೂರ್ತಿ ಡಂಪು, ಪೆನ್‌ಡ್ರೈವಿನಲ್ಲಿ.
2. ಅದರ ಸಾರಾಂಶ, ತಮಗೆ ಸಿಟ್ಟು ಬಾರದ ಭಾಷೆಯಲ್ಲಿ, ಒಂದು ಪುಟ.
3. ಚಿಕ್ಕಪ್ಪ. ಅರ್ಜಿಗೆ ಪಿನ್ ಹೊಡೆಯಲಾಗದ ಕಾರಣ ತಮ್ಮ ಬಾಗಿಲ ಹೊರಗೆ ನಿಲ್ಲಿಸಲಾಗಿದೆ. ಕರೆಗಂಟೆ ಕೆಟ್ಟೀತೆಂದು ಅವರು ಒತ್ತಲು ಒಪ್ಪುತ್ತಿಲ್ಲ, ಅರ್ಜಿದಾರನಿಗೂ ಒತ್ತಲು ಬಿಡುತ್ತಿಲ್ಲ. ಆದ್ದರಿಂದ ಇದನ್ನು ಓದಿದ ಕೂಡಲೇ ತಾವೇ ಬಂದು ಬಾಗಿಲು ತೆರೆಯಬೇಕಾಗಿ ವಿನಂತಿ.