ಸೋಫಾದ ಮೇಲಿನ ಚಿರತೆ

ಬೆಳಗ್ಗೆ ಎದ್ದು ನಡುಮನೆಗೆ ಬಂದರೆ ಕನ್ನಡಕದಂಗಡಿಯವರಿಗೆ ಮೊದಲು ಆಗುತ್ತಿದ್ದುದು ಭಾಮೈದನ ಮೊಣಕಾಲಿನ ದರ್ಶನ. ಸೋಫಾದ ಮೇಲೆ ದಿಂಬು, ದಿಂಬಿನ ಮೇಲೆ ಮೊಣಕಾಲು, ಅದರ ಮೇಲೆ ಬಿಸಿನೀರಿನ ಚೀಲ. ಆ ಕಾಲಿನ ಒಡೆಯನನ್ನು ಊರು ಒಂದು ಕಾಲದಲ್ಲಿ ‘ಚಿರತೆ’ ಎಂದು ಕರೆಯುತ್ತಿತ್ತು. ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಅವನೇ ಜೀವ. ದೊಡ್ಡ ಕ್ಲಬ್ಬೊಂದು ಕರೆದದ್ದೇ ತಡ, ಯಾರಿಗೂ ಒಂದು ಮಾತು ಹೇಳದೆ ಹೊರಟುಹೋಗಿದ್ದ. ಈಗ ಆ ದೊಡ್ಡ ಕ್ಲಬ್ಬಿನವರು ಕೈಬಿಟ್ಟಿದ್ದರು. ಚಿರತೆ ಸೂಟ್‌ಕೇಸಿನೊಂದಿಗೆ ಅಕ್ಕನ ಮನೆಗೆ ದಯಮಾಡಿಸಿತ್ತು.

ಕಷ್ಟವೆಂದರೆ, ಊರಿನ ಕ್ಲಬ್ಬಿನ ಕಾರ್ಯದರ್ಶಿ ಕನ್ನಡಕದಂಗಡಿಯವರೇ. (ಸಂಬಳವಿಲ್ಲದ, ಬೈಗುಳಕ್ಕೆ ಬರವಿಲ್ಲದ ಹುದ್ದೆ. ಆದರೂ ಅವರಿಗೆ ಅದು ಪ್ರಾಣ.) ಚಿರತೆ ಬಿಟ್ಟುಹೋದಾಗ, ಇನ್ನು ಅವನನ್ನು ಮೈದಾನದ ಗೇಟೂ ದಾಟಿಸುವುದಿಲ್ಲವೆಂದು ಎಲ್ಲರೆದುರು ಗುಡುಗಿದ್ದವರೂ ಅವರೇ. ಅಂದಿನಿಂದ ಕ್ಲಬ್ಬು ಸೋಲುತ್ತಲೇ ಇತ್ತು. ಇನ್ನೊಂದು ಪಂದ್ಯ ಸೋತರೆ ಕೆಳಗಿನ ದರ್ಜೆಗೆ ಇಳಿಯಬೇಕು. ಮೈದಾನದಲ್ಲಿ ಗೋಲಿಲ್ಲ, ಮನೆಯಲ್ಲಿ ಬರೀ ಗೋಳು.

“ರೀ, ನನ್ನ ತಮ್ಮನ್ನ ಟೀಮಿಗೆ ವಾಪಸ್ ತಗೊಳ್ಳೋಕೆ ನಿಮ್ಗೇನು ಕಷ್ಟ?”

“ಮೆಟ್ಟಿಲು ಇಳಿಯೋಕೆ ಗೋಡೆ ಹಿಡ್ಕೋತಾನೆ ಕಣೇ! ಚೆಂಡಿನ ಹಿಂದೆ ಹೆಂಗೆ ಓಡ್ತಾನೆ?”

“ನಿಮ್ಮ ಹುಡುಗ್ರು ಓಡಿ ಏನು ಕಡಿದು ಕಟ್ಟೆ ಹಾಕಿದಾರೆ? ಇವನು ನಿಂತ್ಕೊಂಡೇ ಗೋಲ್ ಹೊಡೀತಾನೆ. ಹೊಟ್ಟೆಕಿಚ್ಚು ನಿಮ್ಗೆ!”

ಹೀಗೆ ಬೈಸಿಕೊಳ್ಳುತ್ತಿರುವಾಗಲೇ ಅವರಿಗೆ ದಿವ್ಯಜ್ಞಾನ ಉಂಟಾಯಿತು. ಮೈದಾನದ ಪಕ್ಕದಲ್ಲಿ ಆಟಗಾರರಿಗೆಂದೇ ಮಂಚ ಹಾಕಿದ ಕೋಣೆಯಿದೆ. ಭಾಮೈದ ತಂಡಕ್ಕೆ ಸೇರಿದರೆ ಅವನೂ ಅವನ ಮೊಣಕಾಲೂ ಅಲ್ಲಿಗೆ! ಕ್ಲಬ್ಬಿನ ಗತಿ ನೆನೆದು ಮನಸ್ಸು ಚುಚ್ಚಿತು. ಚುಚ್ಚಿದ್ದನ್ನು ಕಾಫಿಯೊಂದಿಗೆ ನುಂಗಿದರು.

ಸಮಿತಿಯ ಸಭೆಯಲ್ಲಿ ಅಧ್ಯಕ್ಷರಾದ ಹಲ್ಲಿನ ಡಾಕ್ಟರು ಸುತರಾಂ ಒಪ್ಪಲಿಲ್ಲ. “ಬಿಟ್ಟು ಹೋದವನು. ಈಗ ಕಾಲೂ ಇಲ್ಲ. ಯಾಕೆ ಬೇಕು?”

ಕನ್ನಡಕದಂಗಡಿಯವರು ಎದ್ದು ನಿಂತರು. ಅಂಥ ಭಾಷಣ ಅವರ ಬಾಯಿಂದ ಹಿಂದೆಂದೂ ಹೊರಟಿರಲಿಲ್ಲ. “ಕಾಲು ಹೋದ್ರೆ ಹೋಗ್ಲಿ ಸಾರ್, ತಲೆ ಇದೆಯಲ್ಲ! ಆಟದ ಬಗ್ಗೆ, ಕ್ಲಬ್ಬಿನ ಬಗ್ಗೆ ಅವನಷ್ಟು ತಿಳಿದೋರು ಇಲ್ಲಿ ಯಾರಿದಾರೆ? ನನ್ನೂ ಸೇರಿಸೇ ಹೇಳ್ತಿದೀನಿ!”

ಅಧ್ಯಕ್ಷರು ಕಣ್ಣೊರೆಸಿಕೊಂಡರು. ಹೊರಗೆ ಬೆಂಚಿನ ಮೇಲಿದ್ದ ಚಿರತೆಯನ್ನು ಒಳಗೆ ಕರೆಸಿದರು. ಅವನು ಕುಂಟುತ್ತ ಬಂದು ಕುರ್ಚಿಯ ಬೆನ್ನು ಹಿಡಿದು ನಿಂತ.

“ಭಾವ, ನಿಮ್ಮದು ದೊಡ್ಡ ಮನಸ್ಸು. ಆದ್ರೆ ನಂಗಿನ್ನು ಆಡೋಕಾಗಲ್ಲ. ಅಲ್ಲಿನ ಡಾಕ್ಟರು ಖಡಾಖಂಡಿತವಾಗಿ ಹೇಳ್ಬಿಟ್ರು. ಅಕ್ಕನ ಮುಖ ನೋಡಿ ಹೇಳೋಕೆ ಬಾಯಿ ಬರ್ಲಿಲ್ಲ.”

ಇವನು ಚೆಂಡು ಹಿಡಿದು ಓಡಿದರೆ ಇಡೀ ಮೈದಾನ ಎದ್ದು ನಿಲ್ಲುತ್ತಿದ್ದುದು ಕನ್ನಡಕದಂಗಡಿಯವರಿಗೆ ನೆನಪಾಯಿತು. ಒಂದು ಗಳಿಗೆ ಆ ಮಂಚದ ಕೋಣೆಯನ್ನೂ ಮರೆತರು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. “ಆಡೋದು ಬೇಡಪ್ಪ. ನಿಮ್ಮ ಭಾವನೇ ಹೇಳಿದ್ರಲ್ಲ, ಇಲ್ಲಿರೋ ಎಲ್ಲರಿಗಿಂತ ನಿಮಗೆ ಹೆಚ್ಚು ಗೊತ್ತು ಅಂತ. ನೀವೇ ಕಾರ್ಯದರ್ಶಿ ಆಗ್ಬಿಡಿ. ಪಾಪ, ಅವರೂ ದುಡಿದು ದಣಿದಿದಾರೆ.”

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಜಿ ಕಾರ್ಯದರ್ಶಿಗಳೂ ತಟ್ಟಬೇಕಾಯಿತು.

“ಹಾಗಾದ್ರೆ... ಆ ಕೋಣೆ?” ಎಂದು ಮೆಲ್ಲಗೆ ಕೇಳಿದರು.

“ಅದು ಆಟಗಾರರಿಗೆ ಮಾತ್ರ. ಇವರಿಗೆ ಅಕ್ಕನ ಮನೆ ಇಲ್ವೇ!”

ಪಂದ್ಯದ ಹಿಂದಿನ ಸಂಜೆ ನೂತನ ಕಾರ್ಯದರ್ಶಿಯ ಮೊದಲ ಆಜ್ಞೆ ಹೊರಟಿತು: “ಭಾವ, ಗೋಲಿನ ಬಲೆ ಹರಿದಿದೆ. ನಂಗೆ ಬಗ್ಗೋಕಾಗಲ್ಲ...”

“ಹೋಗ್ರೀ, ಜವಾಬ್ದಾರಿ ಇರೋರು ಹೇಳ್ತಿದಾರೆ,” ಎಂದು ಹೆಂಡತಿ ದಬ್ಬಳ, ದಾರ ಕೈಗಿಟ್ಟಳು.

ಖಾಲಿ ಮೈದಾನ. ಮೋಡ ಕವಿದಿತ್ತು. ಅವರು ಬಲೆಯೊಳಗೆ ನುಸುಳಿ, ಮಂಡಿಯೂರಿ, ಹೊಲಿಯತೊಡಗಿದರು. ಬೇಲಿಯಾಚೆ ಹೋಗುತ್ತಿದ್ದ ಹಳೆಯ ಅಭಿಮಾನಿಯೊಬ್ಬ ಸೈಕಲ್ ನಿಲ್ಲಿಸಿ ಇಣುಕಿದ.

“ಅಬ್ಬಾ!” ಎಂದ. “ಈ ವರ್ಷ ನಮ್ಮ ಕಡೆಯಿಂದ ಒಂದಾದ್ರೂ ಗೋಲೊಳಗೆ ಹೋಯ್ತಲ್ಲ!”