ಬೆರಳಗಲದ ಅಡ್ಜಸ್ಟು

ಇದನ್ನು ಹೇಳುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಒಮ್ಮೆ ಕನ್ನಡಕ ಸರಿಯಿಲ್ಲವೆಂದೆ, ಇನ್ನೊಮ್ಮೆ ಕುರ್ಚಿ ಅಲುಗುತ್ತದೆಂದೆ. ಬಡಗಿಯ ಮನೆಯ ಕುರ್ಚಿ ಅಲುಗುತ್ತದೆಂದರೆ ಯಾರೂ ನಂಬುವುದಿಲ್ಲ, ಆದರೆ ನಿಜ.

ಅಡ್ಜಸ್ಟ್ ಎಂಬ ಇಂಗ್ಲಿಷ್ ಪದ ನಮ್ಮ ಬೆಳಗೊಳದ ಕಡೆ ಮಾಡದ ಕೆಲಸವಿಲ್ಲ. ಕೆ.ಆರ್.ಎಸ್. ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವನಾಗಿ ಬರುವವನು ಅದನ್ನು ಹೇಳಿಯೇ ಕೂರುತ್ತಾನೆ. ಅಲ್ಲಿ ಅದರರ್ಥ ಸರಿದುಕೋ. ಸಾರಿಗೆ ಉಪ್ಪು ಮರೆತ ದಿನ ನನ್ನಾಕೆಯೂ ಅದನ್ನೇ ಹೇಳಿ ಬಡಿಸುತ್ತಾಳೆ. ಅಲ್ಲಿ ಬಾಯಿ ಮುಚ್ಚಿಕೊಂಡು ಉಣ್ಣು ಎಂದು. ಹೆಣ್ಣು ನೋಡಲು ಬಂದವರು, ಹುಡುಗಿ ಅಡ್ಜಸ್ಟ್ ಆಗುತ್ತಾಳಾ ಎಂದು ಕೇಳುತ್ತಾರೆ. ಹುಡುಗ ಆಗುತ್ತಾನಾ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಹೈಸ್ಕೂಲಿನ ಮೇಷ್ಟ್ರು ಅದಕ್ಕೆ 'ಹೊಂದಿಸು' ಎಂದು ಅರ್ಥ ಬರೆಸಿದ್ದರು. ಯಾವುದನ್ನು ಯಾವುದಕ್ಕೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಪದವನ್ನು ನಾನು ಕೆಟ್ಟದಾಗಿ ಬಳಸಿದ್ದು ಸಿಂಧಘಟ್ಟದಲ್ಲಿ. ನನಗೆ ಕೆಲಸ ಕಲಿಸಿದ್ದು ದೊಡ್ಡಪ್ಪನ ಮಗ. ನಾನು ಅವನನ್ನು ಅಣ್ಣಯ್ಯ ಎನ್ನುತ್ತಿದ್ದೆ. ಇಬ್ಬರೂ ಸೇರಿ ಅಲ್ಲಿನ ಗೌಡರೊಬ್ಬರ ಮನೆಗೆ ತಲೆಬಾಗಿಲಿನ ಚೌಕಟ್ಟು ಮಾಡಿದ್ದೆವು. ಅದನ್ನು ನಿಲ್ಲಿಸುವ ದಿನ ಪೂಜೆ ಮುಗಿಸಿ, ಕೆಲಸದ ಹಿರಿಯನಿಗೆ ಶಲ್ಯ ಹೊದಿಸಿ ತಾಂಬೂಲ ಕೊಡುತ್ತಾರೆ. ನೋಡಿದ ನೆಂಟರು ಮುಂದೆ ತಮ್ಮ ಮನೆಗೆ ಕರೆಯುವುದೂ ಅವನನ್ನೇ. ಅಂದು ಎತ್ತಿ ನಿಲ್ಲಿಸಿದರೆ ಚೌಕಟ್ಟಿನ ಎಡಗಾಲು ಬೆರಳಗಲ ಗಿಡ್ಡ. ಅಣ್ಣಯ್ಯ ಊಟಕ್ಕೆ ಹೋಗಿದ್ದಾಗ ಗುರುತು ಹಾಕಿ ಕೊಯ್ದವನು ನಾನು.

"ಏನಾಚಾರ್ರೇ, ಬಾಗ್ಲು ಕುಂಟ್ತದಲ್ಲ. ಯಾರು ಅಳ್ತೆ ಇಡ್ದೋರು?" ಎಂದರು ಗೌಡರು.

"ಅಣ್ಣಯ್ಯಂಗೆ ಈಚೀಚೆಗೆ ಕಣ್ಣು ಒಸಿ ಮಂಜು ಗೌಡ್ರೇ. ಅಡ್ಜಸ್ಟ್ ಮಾಡ್ಬುಡ್ತೀವಿ," ಎಂದೆ.

ಅಣ್ಣಯ್ಯ ನನ್ನನ್ನೊಮ್ಮೆ ನೋಡಿದ. "ಒಂದು ಚಕ್ಕೆ ತಗಬಾರ್ಲಾ," ಎಂದಷ್ಟೇ ಹೇಳಿ, ಮಂಡಿಯೂರಿ ಅದನ್ನು ಕಾಲಡಿಗೆ ಕೂರಿಸಿದ. ಶಲ್ಯ ನನ್ನ ಹೆಗಲಿಗೆ ಬಿತ್ತು. ಆಮೇಲೆ ಆ ಕಡೆಯ ತಲೆಬಾಗಿಲುಗಳೆಲ್ಲ ನನಗೆ ಬಂದವು. ಅವನಿಗೆ ಕೊಟ್ಟಿಗೆ ಬಾಗಿಲು, ಮುರಿದ ಮಂಚ.

ಹೋದ ವರ್ಷ ಅವನ ಮಗಳು ಪಾಂಡವಪುರದಲ್ಲಿ ಮನೆ ಕಟ್ಟಿಸಿದಳು. ಅಣ್ಣಯ್ಯ ತಾನೇ ನನ್ನ ಮನೆಗೆ ಬಂದ.

"ತಲೆಬಾಗ್ಲು ನೀನೇ ಮಾಡ್ಕೊಡ್ಲಾ. ನಾನು ಮಾಡುದ್ರೆ ಬೀಗ್ರು ಏನಾರ ಅಂದಾರು."

"ಅಣ್ಣಯ್ಯ, ಅವತ್ತು ಸಿಂಧಘಟ್ಟದಲ್ಲಿ..."

"ಅವತ್ತಿಂದು ಬುಡ್ಲಾ. ಮರ ತೇಗದ್ದು, ಉಸಾರು."

ನಾನು ಬಿಟ್ಟೆ. ಬಿಡು ಎಂದವನ ಮಾತನ್ನು ಇಷ್ಟು ಬೇಗ ಕೇಳಿದ್ದು ಜೀವನದಲ್ಲಿ ಅದೊಂದೇ ಸಲ. ಏಳು ಸಲ ಅಳೆದು ಬಾಗಿಲು ಮಾಡಿದೆ, ಅವನ ಕೈಯಿಂದಲೇ ಶಲ್ಯ ಹೊದಿಸಿಕೊಂಡೆ, ಹೋಳಿಗೆ ಉಂಡು ಬಂದೆ.

ಈಗ ಬರೆಯುತ್ತಿದ್ದೇನೆ, ಅದೂ ಅವನು ಪತ್ರಿಕೆ ಓದುವವನಲ್ಲ ಎಂದು ಖಚಿತ ಮಾಡಿಕೊಂಡ ಮೇಲೆ. ಓದಿದವರು ಯಾರಾದರೂ ಸಿಂಧಘಟ್ಟದ ಕಡೆ ಹೋದರೆ ನಾಲ್ಕು ಜನರೆದುರು ಹೇಳಿ, ಆ ಅಳತೆ ನನ್ನದು ಎಂದು. ಅವನ ಹೆಸರು ನಂಜುಂಡಾಚಾರಿ.