ಶಾಂತಾಬಾಯಿಯ ಹತ್ತು ತಾಟು

ನಡೆದದ್ದು ಇಷ್ಟೇ: ಮೊಮ್ಮಗಳ ಶಾಯಿಯಲ್ಲಿ ದಮ್ಮಿರಲಿಲ್ಲ, ನಾನು ತಿಕ್ಕಿದೆ, ಹೋಯಿತು. ಉಳಿದದ್ದು ನನಗೆ ಇನ್ನೂ ತಿಳಿದಿಲ್ಲ. ಪಾತ್ರೆಯ ಮೇಲಿನ ಹೆಸರು ಎಂದರೆ ಅಂಗಡಿಯವನು ಟಕಟಕ ಕುಟ್ಟಿ ಕೊಡುವುದು. ನನ್ನ ಮದುವೆಯ ಕೊಡಕ್ಕೆ ತೂತು ಬಿದ್ದರೂ ಅದರ ಮೇಲಿನ ಹೆಸರು ಹೋಗಿಲ್ಲ. ಹುಮನಾಬಾದಿನ ಬಾಡಿಗೆ ಶೆಡ್ಡಿನಲ್ಲಿ ಮೊಮ್ಮಗಳು ಅಂಬಿಕಾ ಮಾಡುವುದು ಬೇರೆ. ಅವಳ ಯಂತ್ರ ಪಾತ್ರೆಯನ್ನು ಮುಟ್ಟುವುದೇ ಇಲ್ಲ, ದೂರದಿಂದ ಶಾಯಿಯ ಹನಿ ಚಿಮ್ಮಿಸಿ ಬರೆಯುತ್ತದೆ. ಶಾಯಿಯನ್ನೂ ಅವಳೇ ಕಲಸುತ್ತಾಳೆ; ಗಟ್ಟಿಯಾದರೆ ಯಂತ್ರದ ಸಣ್ಣ ತೂತು ಕಟ್ಟುತ್ತದಂತೆ, ತೆಳ್ಳಗಾದರೆ ಸ್ಟೀಲು ಹಿಡಿಯುವುದಿಲ್ಲವಂತೆ. ಮುಟ್ಟದೆ ಬರೆದದ್ದು ಹೇಗೆ ಹಿಡಿದೀತು ಎಂದು ಕೇಳಿದರೆ ನಗುತ್ತಾಳೆ.

ಮೊನ್ನೆ ಅಡುಗೆಮನೆಯ ಕಟ್ಟೆಯ ಮೇಲೆ ಹತ್ತು ತಾಟು ಕಂಡವು. ಎಲ್ಲದರ ಮೇಲೂ ‘ಶಾಂತಾಬಾಯಿ, ಮುಡಬಿ’. ಶಾಂತಾಬಾಯಿ ನನ್ನ ನಾದಿನಿ. ಹಿಂದಿನ ವಾರ ನಮ್ಮಲ್ಲಿ ತೊಟ್ಟಿಲ ಕಾರ್ಯಕ್ಕೆ ಅವಳ ಪಾತ್ರೆಗಳನ್ನೂ ತಂದಿದ್ದೆವು. ಇವು ಮರಳಿ ಹೋಗದೆ ಉಳಿದಿರಬೇಕು ಎಂದುಕೊಂಡೆ. ಮಂದಿಯ ಪಾತ್ರೆ ತೊಳೆಯದೆ ಮರಳಿಸುವ ಪದ್ಧತಿ ನಮ್ಮಲ್ಲಿಲ್ಲ. ಬೂದಿ, ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಸ್ಟೀಲಿಗೆ ಹುಣಸೆ ಬೇಡ ಎನ್ನುತ್ತಾಳೆ ಸೊಸೆ. ನಾನು ಎಲ್ಲಕ್ಕೂ ಹಚ್ಚುತ್ತೇನೆ. ಒಂದೊಂದೇ ತಾಟಿನಿಂದ ಶಾಂತಾಬಾಯಿ ಎದ್ದು ಹೋದಳು. ಕಣ್ಣಿನ ದೋಷವೆಂದು ಕನ್ನಡಕ ಒರೆಸಿ ನೋಡಿದೆ. ಒಂಬತ್ತು ಬೋಳು, ಒಂದರಲ್ಲಿ ಮಾತ್ರ ಗಟ್ಟಿಯಾಗಿ ಕೂತಿದ್ದಳು.

ಅಂಬಿಕಾ ಬಂದವಳೇ ನೆಲಕ್ಕೆ ಕೂತಳು. “ಆಯಿ, ಇವ್ನ ಯಾರ ತೊಳದ್ರು?”

“ನಾನೇ. ಮಂದಿ ತಾಟ ಹೊಲಸ ಕೊಡ್ಲೇನು?”

“ಅವು ಮಂದೀವಲ್ಲ, ನಮೂನಿ. ಹತ್ತಕ್ಕೂ ಬ್ಯಾರೆ ಬ್ಯಾರೆ ಶಾಯಿ. ಕಲ್ಯಾಣದ ಪಾತ್ರಿ ಅಂಗಡಿಯವ್ರು ನಾಡದ ಬರ್ತಾರ. ಅವ್ರು ಒಲ್ಲೆ ಅಂದ್ರ ಶೆಡ್ಡಿಗೆ ಕೀಲಿ ಹಾಕೋದೇ.”

“ಶಾಂತಾಬಾಯಿ ಹೆಸರ ಯಾಕ ಹಾಕ್ದಿ?”

“ಯಾವುದೋ ಒಂದು ಹೆಸರ ಬೇಕಾಗಿತ್ತ.” ಹೆಸರು ಉಳಿದ ತಾಟನ್ನು ಎತ್ತಿ ನೋಡಿದಳು. ಮುಖ ಅರಳಿತು. “ಇದು ತಡದದ! ಯಾವ ಶಾಯಿ ಇದು? ಹಿಂದ ನಂಬರಿನ ಚೀಟಿ ಹಚ್ಚಿದ್ದೆ.”

“ಚೀಟಿ ಮೊದಲೇ ಕಿತ್ತೀನಿ. ಅಂಟ ಹೋಗಲಿ ಅಂತ ಎಣ್ಣಿ ಹಚ್ಚಿ ತಿಕ್ಕೀನಿ.”

ಅವಳು ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಸಂಜೆಯೊಳಗೆ ಅದೇ ಹತ್ತು ಶಾಯಿಗಳಲ್ಲಿ ಮತ್ತೆ ಹತ್ತು ತಾಟು ಬರೆದು, ಚೀಟಿ ಹಚ್ಚಿ ತಂದಳು.

ಮರುದಿನ ಬೆಳಿಗ್ಗೆ ಮೊಳೆ, ಸುತ್ತಿಗೆ ಹಿಡಿದು ಚೀಟಿಯ ನಂಬರು ನೋಡಿ ನೋಡಿ ಪ್ರತಿ ತಾಟಿನ ಹಿಂದೆ ಅಷ್ಟಷ್ಟು ಚುಕ್ಕಿ ಕುಟ್ಟಿದೆ. ಆಮೇಲೆ ಚೀಟಿ ಕಿತ್ತು, ಹುಣಸೆ ಹಚ್ಚಿ ತಿಕ್ಕಿದೆ. ಹೆಸರು ಉಳಿದದ್ದು ಏಳು ಚುಕ್ಕಿಯದರಲ್ಲಿ. ಆದರೆ ಏಳು ಚುಕ್ಕಿಯ ತಾಟು ಎರಡಿದ್ದವು, ಎಂಟರದು ಇರಲಿಲ್ಲ. ಕುಟ್ಟುವಾಗ ನಡುವೆ ಹಾಲಿನವನು ಕೂಗಿದ್ದ, ಆಗ ಒಂದು ಚುಕ್ಕಿ ಬಿಟ್ಟಿರಬೇಕು. ಬಾಗಿಲಿಗೆ ಹೋಗಿ ಶೆಡ್ಡಿಗೆ ಹೊರಟಿದ್ದ ಅಂಬಿಕಾಳನ್ನು ಕರೆದು ಹೇಳಿದೆ: “ಏಳೋ ಎಂಟೋ, ಎರಡೂ ಶಾಯಿಲೆ ಬರಕೊಂಡು ಬಾ. ಮತ್ತ ತಿಕ್ಕತೀನಿ.”